ಪಂಜರದಲ್ಲಿ ಗೂಡು: ರಾಟವಾಳದ ಪೋಷಣೆಯ ಚರಿತ್ರೆ

೧

ಹಕ್ಕಿಯನ್ನು ಹಿಡಿದು ತಂದು ಪಂಜರದಲ್ಲಿಡುವುದು ಬೇರೆ. ಪಂಜರದಲ್ಲಿಯೇ ಅದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಮಾಡಿ, ಆ ಮರಿಗಳ ಮರಿಗಳೂ ಮನೆಯ ಹಿತ್ತಿಲಲ್ಲಿಯೇ ಬೆಳೆಯುವಂತೆ ನೋಡಿಕೊಳ್ಳುವುದು ಬೇರೆ. ಮೊದಲನೆಯದು ಬೇಟೆಯ ಶಾಖೆ, ಎರಡನೆಯದು ಕೃಷಿಯ ಶಾಖೆ. ಲೋಕದಲ್ಲಿ ಇವೆರಡನ್ನೂ ‘ಹಕ್ಕಿ ಸಾಕುವುದು’ ಎಂಬ ಒಂದೇ ಮಾತಿನಿಂದ ಹೇಳುವ ವಾಡಿಕೆಯುಂಟಾದರೂ ಚರಿತ್ರೆಯನ್ನು ವಿಚಾರಿಸುವವರು ಇವುಗಳನ್ನು ಬೇರ್ಪಡಿಸಿಯೇ ನೋಡತಕ್ಕದ್ದು. ಹೀಗೆ ಬೇರ್ಪಡಿಸಿ ನೋಡಿದಾಗ ಒಂದು ವಿಚಿತ್ರವಾದ ಸಂಗತಿ ಕಾಣಬರುತ್ತದೆ. ಭರತಖಂಡದ ಗದ್ದೆಬಯಲುಗಳಲ್ಲಿಯೂ ಮಲೆನಾಡಿನ ತೋಟಗಳಲ್ಲಿಯೂ ಗುಂಪುಗುಂಪಾಗಿ ಹಾರಾಡುವ ರಾಟವಾಳವೆಂಬ ಪುಟ್ಟ ಹಕ್ಕಿಯನ್ನು ಈ ದೇಶದವರು ಶತಮಾನಗಳ ಕಾಲ ಹಿಡಿದರು, ಮಾರಿದರು, ಪಂಜರದಲ್ಲಿಟ್ಟು ಅದರ ದನಿಯನ್ನು ಕೇಳಿದರು. ಆದರೆ ಅದನ್ನು ಮನೆಯ ಹಕ್ಕಿಯನ್ನಾಗಿ ಮಾಡಿದವರು ಜಪಾನ್ ದೇಶದವರು. ಇದು ಹೇಗಾಯಿತು, ಏತಕ್ಕಾಯಿತು, ಆದುದರಿಂದ ಹಕ್ಕಿಗೆ ಏನಾಯಿತು ಎಂಬುದೇ ಇಲ್ಲಿಯ ವಿಚಾರ.

ರಾಟವಾಳವೆಂಬುದು ಹಿಂದಿಯಲ್ಲಿ ಮುನಿಯವೆಂದು ಕರೆಯಲ್ಪಡುವ ಹಕ್ಕಿ. ಗುಬ್ಬಿಗಿಂತ ಚಿಕ್ಕದು, ಕೊಕ್ಕು ಮೊಂಡಾಗಿಯೂ ದಪ್ಪವಾಗಿಯೂ ಇದ್ದು ಕಾಳಿನ ಸಿಪ್ಪೆ ಬಿಡಿಸಲು ತಕ್ಕುದಾಗಿದೆ. ಇಂಗ್ಲಿಷಿನಲ್ಲಿ ಕಾಳು ತಿನ್ನುವ ಇಂಥ ಪುಟ್ಟ ಹಕ್ಕಿಗಳನ್ನೆಲ್ಲ ಸ್ಥೂಲವಾಗಿ ಫಿಂಚುಗಳೆನ್ನುತ್ತಾರೆ. ಪಕ್ಷಿಶಾಸ್ತ್ರಜ್ಞರಾದರೋ ಕ್ಯಾನರಿ ಮೊದಲಾದ ನಿಜವಾದ ಫಿಂಚುಗಳನ್ನು ಒಂದು ಕುಲಕ್ಕೂ ರಾಟವಾಳಗಳನ್ನು ಮತ್ತೊಂದು ಕುಲಕ್ಕೂ ಸೇರಿಸಿದ್ದಾರೆ. ರಾಟವಾಳಗಳಲ್ಲಿ ಎರಡು ಪ್ರಭೇದಗಳು ಈ ಚರಿತ್ರೆಗೆ ಮುಖ್ಯವಾದುವು. ಒಂದು ಕೆಂಪು ರಾಟವಾಳ. ಮಳೆಗಾಲದಲ್ಲಿ ಗೂಡು ಕಟ್ಟುವ ಹೊತ್ತಿಗೆ ಇದರ ಗಂಡು ಬಿಳಿಯ ಚುಕ್ಕೆಗಳಿಂದ ಕೂಡಿದ ಕಡುಗೆಂಪನ್ನು ತಾಳುತ್ತದೆ, ಆ ಋತು ಕಳೆದ ಮೇಲೆ ಹೆಣ್ಣಿನಂತೆಯೇ ಮಾಸಲು ಕಂದಾಗುತ್ತದೆ. ಇನ್ನೊಂದು ಬಿಳಿಯ ಬೆನ್ನಿನ ರಾಟವಾಳ. ಮೈಯ ಮೇಲ್ಭಾಗ ಕಂದು, ಸೊಂಟದ ಮೇಲೆ ಬಿಳಿಯ ಪಟ್ಟೆ, ಗಂಡಿಗೂ ಹೆಣ್ಣಿಗೂ ಬಣ್ಣದಲ್ಲಿ ಭೇದವಿಲ್ಲ. ಮೊದಲನೆಯದು ನೋಡಲು ಬಲು ಸುಂದರ, ಎರಡನೆಯದು ಸಾಧಾರಣ. ಆದರೆ ಮನುಷ್ಯನ ಮನೆಯಲ್ಲಿ ವಂಶ ಕಟ್ಟಿದುದು ಈ ಎರಡನೆಯದೇ.

೨

ಪಂಜರದ ಹಕ್ಕಿ ಸಂಸ್ಕೃತ ಸಾಹಿತ್ಯಕ್ಕೆ ಹೊಸದಲ್ಲ. ವಾತ್ಸ್ಯಾಯನನು ಹೇಳಿದ ಅರುವತ್ತನಾಲ್ಕು ಕಲೆಗಳಲ್ಲಿ ಗಿಳಿ ಗೊರವಂಕಗಳಿಗೆ ಮಾತು ಕಲಿಸುವುದೂ, ಲಾವಕ್ಕಿ ಕೋಳಿಗಳ ಕಾಳಗವೂ ಸೇರಿವೆ. ನಾಗರಿಕನ ಮನೆಯ ಹೊರಗೋಡೆಯಲ್ಲಿ ಕ್ರೀಡಾಪಕ್ಷಿಗಳ ಪಂಜರಗಳು ತೂಗಬೇಕೆಂಬ ವಿಧಿಯೂ ಆ ಗ್ರಂಥದಲ್ಲಿದೆ. ಮೇಘದೂತದ ವಿರಹಿಣಿಗೆ ಪಂಜರದ ಸಾರಿಕೆಯೇ ಸಖಿ. ಎಲ್ಲಕ್ಕಿಂತ ವಿಸ್ತಾರವಾದ ಚಿತ್ರ ದೊರೆಯುವುದು ಶೂದ್ರಕನ ಮೃಚ್ಛಕಟಿಕದ ನಾಲ್ಕನೆಯ ಅಂಕದಲ್ಲಿ. ವಿದೂಷಕನು ವಸಂತಸೇನೆಯ ಮನೆಯ ಎಂಟು ತೊಟ್ಟಿಗಳನ್ನು ದಾಟುತ್ತ ಏಳನೆಯ ತೊಟ್ಟಿಗೆ ಬಂದಾಗ ಕಾಣುವುದು ಹಕ್ಕಿಗಳ ಲೋಕವನ್ನೇ: ಪಾರಿವಾಳಗಳ ಜೋಡಿ, ಪಂಜರದ ಗಿಳಿ, ಗೊರವಂಕ, ಕೋಗಿಲೆ, ಕಾಳಗಕ್ಕೆ ಬಿಟ್ಟ ಲಾವಕ್ಕಿ, ನವಿಲು, ಹಂಸ, ಸಾರಸ. ಪ್ರಾಚೀನ ನಗರವೊಂದರ ಹಕ್ಕಿಮನೆ ಹೇಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಈ ವರ್ಣನೆಯನ್ನು ಮತ್ತೊಮ್ಮೆ ನಿದಾನಿಸಿ ಓದಿದರೆ ಅದರೊಳಗೇ ಒಂದು ಭೇದ ಅಡಗಿರುವುದು ತಿಳಿಯುತ್ತದೆ. ಅಲ್ಲಿ ತಮ್ಮ ಜೋಡಿಯೊಡನೆ ಗೂಡಿನಲ್ಲಿ ನೆಲಸಿರುವ ಹಕ್ಕಿ ಪಾರಿವಾಳ. ಗಿಳಿ, ಗೊರವಂಕ, ಲಾವಕ್ಕಿಗಳು ಒಂಟಿಯಾಗಿ ಪಂಜರದಲ್ಲಿ ತೂಗುತ್ತವೆ. ಅಮರಕೋಶದ ಶಬ್ದಗಳೂ ಇದನ್ನೇ ಸಮರ್ಥಿಸುತ್ತವೆ. ಪುರವರ್ಗದಲ್ಲಿ ಪಾರಿವಾಳಗಳು ಕೂರುವ ಕಟ್ಟೆಗೆ ಕಪೋತಪಾಲಿಕೆಯೆಂದೂ ವಿಟಂಕವೆಂದೂ ಹೆಸರುಗಳಿವೆ. ಶೂದ್ರವರ್ಗದಲ್ಲಿ ಹಕ್ಕಿ ಹಿಡಿದು ಜೀವಿಸುವವನಿಗೆ ಜೀವಾಂತಕ, ಶಾಕುನಿಕ ಎಂಬ ಹೆಸರುಗಳೂ, ಬಲೆ ಒಡ್ಡುವವನಿಗೆ ವಾಗುರಿಕ, ಜಾಲಿಕ ಎಂಬ ಹೆಸರುಗಳೂ ಇವೆ. ಕಾಡಿನ ಹಕ್ಕಿಯನ್ನು ಪಂಜರದಲ್ಲಿ ಮರಿಮಾಡಿಸುವವನಿಗೆ ಮಾತ್ರ ಅವನ ಪಂಕ್ತಿಯಲ್ಲಿ ಸ್ಥಳವಿಲ್ಲ. ವೃತ್ತಿಯಿದ್ದೆಡೆ ಶಬ್ದವಿರುತ್ತದೆ, ಹಿಡಿಯುವ ವೃತ್ತಿ ಬೆಳೆದು ನಿಂತಿತ್ತು, ಬೆಳೆಸುವ ವೃತ್ತಿ ಪಾರಿವಾಳ ಕೋಳಿಗಳ ಆಚೆಗೆ ದಾಟಿರಲಿಲ್ಲವೆಂದು ಊಹಿಸಲು ಅವಕಾಶವುಂಟು.

ಬಾಣಭಟ್ಟನ ಕಾದಂಬರಿ ಈ ವಿಷಯದಲ್ಲಿ ಅಮೂಲ್ಯವಾದ ಪ್ರಮಾಣ. ಶೂದ್ರಕರಾಜನ ಸಭೆಗೆ ಚಂಡಾಲಕನ್ಯೆ ತಂದ ಗಿಳಿ ವೈಶಂಪಾಯನನು ತನ್ನ ವೃತ್ತಾಂತವನ್ನು ಹೇಳತೊಡಗುವುದು ಗೂಡಿನಿಂದಲೇ. ಪಂಪಾಸರಸ್ಸಿನ ದಡದ ಹಳೆಯ ಬೂರುಗದ ಪೊಟರೆಯಲ್ಲಿ ಅದು ಹುಟ್ಟಿತು. ಹುಟ್ಟಿದೊಡನೆಯೇ ತಾಯಿ ಸತ್ತಳು. ಮುದಿ ತಂದೆ ಹಾರಲಾರದೆ, ಬೇರೆ ಗೂಡುಗಳಿಂದ ಉದುರಿದ ಬತ್ತದ ಕಾಳುಗಳನ್ನೂ ಹಣ್ಣಿನ ಚೂರುಗಳನ್ನೂ ಆಯ್ದು ತಂದು ಮರಿಯ ಬಾಯಿಗಿಟ್ಟು, ಮಿಕ್ಕುದನ್ನು ತಾನು ತಿಂದನು. ಅನಂತರ ಶಬರರ ಬೇಟೆ. ಮುದಿ ಬೇಡನೊಬ್ಬ ಮರವೇರಿ ಗಿಳಿಗಳ ಕತ್ತು ಮುರಿದು ಕೆಳಕ್ಕೆಸೆದುದು. ತಂದೆಯ ರೆಕ್ಕೆಯ ಕೆಳಗಿದ್ದ ಮರಿ ತರಗೆಲೆಗಳ ರಾಶಿಯ ಮೇಲೆ ಬಿದ್ದು ಬದುಕಿದುದು. ಜಾಬಾಲಿಯ ಮಗ ಹಾರೀತನು ಅದರ ಬಾಯಿಗೆ ನೀರಿನ ಹನಿಗಳನ್ನು ಬಿಟ್ಟು ಆಶ್ರಮಕ್ಕೆ ಒಯ್ದುದು. ನಾಗವರ್ಮನು ಈ ಕಥೆಯನ್ನು ಚಂಪೂರೂಪದಲ್ಲಿ ಕನ್ನಡಿಸಿದುದರಿಂದ ಕನ್ನಡಿಗರಿಗೂ ಇದು ಪರಿಚಿತವಾದುದೇ. ಸಭೆಯಲ್ಲಿ ಆರ್ಯೆಯನ್ನು ಪಠಿಸುವ ಪಂಜರದ ಗಿಳಿಯ ಹಿಂದೆ ಒಡೆದ ಗೂಡೊಂದು ಇದೆಯೆಂಬುದನ್ನು ಬಾಣನು ಮರೆಯಲಿಲ್ಲ. ಪಂಜರದ ಹಕ್ಕಿಯ ಸೊಬಗನ್ನು ವರ್ಣಿಸಿದ ಕವಿಗಳು ಅನೇಕರಿದ್ದರೂ, ಆ ಸೊಬಗಿನ ಬೆಲೆಯನ್ನು ಇಷ್ಟು ವಿವರವಾಗಿ ಲೆಕ್ಕಹಾಕಿದವರು ವಿರಳ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳುಳ್ಳ ಮಹಾಗ್ರಂಥ. ಅದರ ವಿನೋದವಿಂಶತಿಯಲ್ಲಿ ಕೋಳಿ, ಲಾವಕ್ಕಿ, ಪಾರಿವಾಳ, ಡೇಗೆಗಳ ವಿನೋದಗಳನ್ನು ಹೇಳಿದೆ. ಅಲ್ಲಿಯೂ ದೃಷ್ಟಿಯಿರುವುದು ಹಕ್ಕಿಯ ಕಾಳಗ, ಹಾರಾಟ, ಬೇಟೆಗಳ ಮೇಲೆ. ನಾಲ್ಕು ಶತಮಾನಗಳ ತರುವಾಯ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಪಾರಿವಾಳಗಳಿದ್ದುದನ್ನೂ, ಪಾದಶಹನು ತಳಿಗಳನ್ನು ಕೂಡಿಸಿ ಅವುಗಳನ್ನು ಉತ್ತಮಪಡಿಸಿದುದನ್ನೂ ದಾಖಲಿಸಿದ್ದಾನೆ. ಈ ಸಂಗತಿಯನ್ನೇ ಡಾರ್ವಿನ್ ಪಂಡಿತನು ೧೮೫೯ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ನಿದರ್ಶನವಾಗಿ ಬಳಸಿಕೊಂಡನು. ಆದುದರಿಂದ ತಳಿ ಬೆಳೆಸುವ ವಿದ್ಯೆ ಈ ದೇಶಕ್ಕೆ ಅಪರಿಚಿತವಾಗಿತ್ತೆಂದು ಹೇಳುವಂತಿಲ್ಲ. ವಿದ್ಯೆ ಇತ್ತು; ರಾಟವಾಳದಂಥ ಪುಟ್ಟ ಹಕ್ಕಿಗೆ ಅದನ್ನು ಅನ್ವಯಿಸುವ ಅಗತ್ಯ ಬೀಳಲಿಲ್ಲ.

೩

ಅಗತ್ಯವೇಕೆ ಬೀಳಲಿಲ್ಲವೆಂಬುದಕ್ಕೆ ಕೆಂಪು ರಾಟವಾಳದ ಹೆಸರೇ ಉತ್ತರ ಹೇಳುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಅವಡವಾಟ್ ಎಂದು ಹೆಸರು. ಲಿನ್ನೇಯಸನು ೧೭೫೮ರಲ್ಲಿ ಇಟ್ಟ ಶಾಸ್ತ್ರೀಯ ನಾಮದಲ್ಲಿ ಅಮಂದವ ಎಂಬ ಪದವಿದೆ. ಇವೆರಡೂ ಗುಜರಾತಿನ ಅಹಮದಾಬಾದ್ ಎಂಬ ಊರ ಹೆಸರಿನ ಅಪಭ್ರಂಶಗಳು. ೧೪೧೧ರಲ್ಲಿ ಸ್ಥಾಪಿತವಾದ ಆ ನಗರದ ಪೇಟೆಯಿಂದ ಈ ಹಕ್ಕಿಗಳು ಸೂರತ್ತಿಗೆ ಬಂದು ಅಲ್ಲಿಂದ ಹಡಗೇರಿ ಯೂರೋಪಿಗೆ ಹೋಗುತ್ತಿದ್ದುವು. ೧೬೭೩ರಲ್ಲಿ ಈ ದೇಶಕ್ಕೆ ಬಂದ ಜಾನ್ ಫ್ರಯರ್ ಎಂಬ ಇಂಗ್ಲಿಷ್ ವೈದ್ಯನು, ೧೬೯೮ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಅಹಮದಾಬಾದಿನಿಂದ ತಂದ ಕೆಂಪು ಬಿಳಿ ಚುಕ್ಕೆಗಳ ಪುಟ್ಟ ಹಕ್ಕಿಗಳನ್ನು ಕಂಡುದನ್ನು ಬರೆದಿದ್ದಾನೆ. ಒಂದು ಪಂಜರದಲ್ಲಿ ಐವತ್ತು ಹಕ್ಕಿಗಳು. ಒಂದು ಮೊದಲು ದನಿಯೆತ್ತಿದರೆ ಉಳಿದುವೆಲ್ಲ ಅದಕ್ಕೆ ದನಿಗೂಡಿಸುತ್ತಿದ್ದುವಂತೆ.

ಒಂದು ಪಂಜರಕ್ಕೆ ಐವತ್ತು ಎಂಬ ಈ ಸಂಖ್ಯೆಯನ್ನು ಗಮನಿಸಬೇಕು. ಅದು ಗೂಡು ಕಟ್ಟುವ ಹಕ್ಕಿಗಳ ಲೆಕ್ಕವಲ್ಲ, ಬಲೆಗೆ ಬಿದ್ದ ಹಿಂಡಿನ ಲೆಕ್ಕ. ರಾಟವಾಳಗಳು ಬತ್ತದ ತೆನೆ ಬಲಿಯುವ ಕಾಲದಲ್ಲಿ ಹಿಂಡುಹಿಂಡಾಗಿ ಗದ್ದೆಗೆರಗುತ್ತವೆ. ಒಂದು ಬೀಸಿಗೆ ಹತ್ತಾರು ಹಕ್ಕಿಗಳು ಸಿಕ್ಕುವಾಗ, ಎರಡು ಹಕ್ಕಿಗಳನ್ನು ಜೋಡಿ ಮಾಡಿ ತಿಂಗಳುಗಟ್ಟಲೆ ಕಾದು ನಾಲ್ಕು ಮರಿಗಳನ್ನು ಪಡೆಯುವ ತಾಳ್ಮೆ ಯಾರಿಗೆ ಬೇಕು? ಅಗ್ಗವಾಗಿ ದೊರೆಯುವ ವಸ್ತುವನ್ನು ಯಾರೂ ಬೆಳೆಯುವುದಿಲ್ಲ. ಪಂಜರದಲ್ಲಿ ಸತ್ತ ಹಕ್ಕಿಯ ಸ್ಥಾನಕ್ಕೆ ಗದ್ದೆಯ ಹಕ್ಕಿ ಬರುತ್ತಿತ್ತು. ಆದಕಾರಣ ಪಂಜರದ ಸಾವು ಯಾರಿಗೂ ನಷ್ಟವಾಗಿ ತೋರಲಿಲ್ಲ.

ಇದಕ್ಕೆ ಪ್ರತಿಯಾಗಿ ಯೂರೋಪಿನಲ್ಲಿ ಕ್ಯಾನರಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಕ್ಯಾನರಿ ದ್ವೀಪಗಳು ೧೪೯೬ರ ಹೊತ್ತಿಗೆ ಪೂರ್ಣವಾಗಿ ಕಾಸ್ಟೀಲಿನ ಅರಸರ ವಶವಾದುವು. ಅಲ್ಲಿಯ ಹಾಡುಹಕ್ಕಿ ಸ್ಪೇನಿಗೆ ಬಂದಿತು. ದ್ವೀಪಗಳು ದೂರ, ಹಕ್ಕಿ ದುಬಾರಿ. ಹಾಡುವುದು ಗಂಡಾದುದರಿಂದ ಗಂಡುಗಳನ್ನೇ ಹೆಚ್ಚಾಗಿ ಮಾರುತ್ತಿದ್ದರೆಂದು ಪ್ರತೀತಿ. ೧೬೨೨ರಲ್ಲಿ ರೋಮಿನಲ್ಲಿ ಅಚ್ಚಾದ ಓಲಿನನ ಪಕ್ಷಿಗ್ರಂಥವು, ಹಡಗೊಂದು ಒಡೆದು ಅದರಲ್ಲಿದ್ದ ಹಕ್ಕಿಗಳು ಎಲ್ಬಾ ದ್ವೀಪದಲ್ಲಿ ನೆಲಸಿದುವೆಂಬ ಕಥೆಯನ್ನು ಹೇಳುತ್ತದೆ. ಕಥೆ ಹೇಗೇ ಇರಲಿ, ಇಟಲಿ, ಟಿರೋಲ್, ಜರ್ಮನಿ, ಇಂಗ್ಲೆಂಡುಗಳ ಕುಶಲಕರ್ಮಿಗಳು ಮನೆಯಲ್ಲಿಯೇ ಮರಿಮಾಡಿಸಿ, ೧೮ನೆಯ ಶತಮಾನದ ಆರಂಭದ ಹೊತ್ತಿಗೆ ಅನೇಕ ಬಣ್ಣಭೇದಗಳನ್ನು ಸಾಧಿಸಿದ್ದರು. ದೊರೆಯುವುದು ದುರ್ಲಭವಾದುದೇ ಬೆಳೆಸುವುದಕ್ಕೆ ಕಾರಣವಾಯಿತು. ಪೂರ್ವದಲ್ಲಿಯೂ ಇದೇ ನ್ಯಾಯ ಅನ್ವಯಿಸಿತೆಂಬುದು ಮುಂದೆ ವ್ಯಕ್ತವಾಗುವುದು.

೪

೧೭ನೆಯ ಶತಮಾನದ ಮಧ್ಯದಿಂದ ೧೯ನೆಯ ಶತಮಾನದ ಮಧ್ಯದವರೆಗೆ ಜಪಾನ್ ದೇಶವು ಹೊರಗಿನವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಕೊಂಡಿತ್ತು. ಚೀನದ ಮತ್ತು ಡಚ್ಚರ ಹಡಗುಗಳಿಗೆ ಮಾತ್ರ ಕ್ಯುಶು ದ್ವೀಪದ ನಾಗಸಾಕಿಯಲ್ಲಿ ಪ್ರವೇಶವಿತ್ತು. ರೇಷ್ಮೆ, ಸಕ್ಕರೆ, ಔಷಧಿಗಳೊಡನೆ ಅಪೂರ್ವ ಪಕ್ಷಿಗಳೂ ಆ ದಾರಿಯಲ್ಲಿ ಬರುತ್ತಿದ್ದುವು. ೧೮ನೆಯ ಶತಮಾನದ ಏಳನೆಯ ದಶಕದಲ್ಲಿ ಕ್ಯುಶುವಿನ ಸಾಮಂತನೊಬ್ಬನು ಚೀನದಿಂದ ಬಿಳಿಯ ಬೆನ್ನಿನ ರಾಟವಾಳಗಳನ್ನು ತರಿಸಿದನೆಂದು ಅಲ್ಲಿಯ ಚರಿತ್ರೆ ತಿಳಿಸುತ್ತದೆ. ಮಲೆನಾಡಿನಲ್ಲಿ ಗೂಡು ಕಟ್ಟುವ ಹಕ್ಕಿಯೂ ಚೀನದಿಂದ ಹೋದ ಹಕ್ಕಿಯೂ ಒಂದೇ ಪ್ರಭೇದದ ಎರಡು ಉಪಭೇದಗಳು. ಜಪಾನಿನಲ್ಲಿ ಈ ಹಕ್ಕಿ ಸಹಜವಾಗಿ ದೊರೆಯುವುದಿಲ್ಲ. ಸತ್ತರೆ ಮತ್ತೊಂದಕ್ಕೆ ಹಡಗಿನ ದಾರಿ ನೋಡಬೇಕು. ಅಲ್ಲಿ ಪಂಜರದೊಳಗಣ ಸಾವು ನಿಜವಾಗಿಯೂ ನಷ್ಟವಾಗಿತ್ತು, ಮರಿ ನಿಜವಾಗಿಯೂ ಲಾಭವಾಗಿತ್ತು.

ಆ ಕಾಲದ ಜಪಾನಿನ ನಗರಗಳಲ್ಲಿ ಹಕ್ಕಿ ಸಾಕುವ ಹವ್ಯಾಸ ವ್ಯಾಪಕವಾಗಿತ್ತು. ದೀರ್ಘಕಥೆಗಳ ಕರ್ತೃವಾದ ತಾಕಿಜಾವ ಬಾಕಿನನು (೧೭೬೭–೧೮೪೮) ಕ್ಯಾನರಿಗಳನ್ನು ಸಾಕಿದ್ದನು. ಇಂಥ ಮನೆಗಳಲ್ಲಿ ರಾಟವಾಳದ ಸಂತತಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತು. ಸಾಕುವವರು ಎರಡು ಗುಣಗಳನ್ನು ನೋಡಿ ಆರಿಸಿದರು: ಮೊದಲನೆಯದು ಮರಿಗಳನ್ನು ಬಿಡದೆ ಪೋಷಿಸುವ ಗುಣ, ಎರಡನೆಯದು ಗರಿಯ ಬಣ್ಣ. ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಬಿಳಿಯ ಗರಿಯ ಹಕ್ಕಿಗಳು ಕಾಣಿಸಿಕೊಂಡುವು. ತರುವಾಯ ಬಿಳಿ ಕಂದು ಬೆರೆತವು, ತಿಳಿಗಂದಿನವು, ನೆತ್ತಿಯ ಮೇಲೆ ಜುಟ್ಟುಳ್ಳವು ಹುಟ್ಟಿದುವು. ಜಪಾನೀಯರು ಈ ಸಾಕುಹಕ್ಕಿಗೆ ‘ಜೂಷಿಮಾತ್ಸು’ ಎಂದರು. ಅದನ್ನು ಬರೆಯುವ ಅಕ್ಷರಗಳ ಅರ್ಥ ‘ಹತ್ತು ಮಂದಿ ಅಕ್ಕತಂಗಿಯರು’ ಎಂದು. ಒಂದೇ ಗೂಡಿನಲ್ಲಿ ಒತ್ತೊತ್ತಾಗಿ, ಜಗಳವಿಲ್ಲದೆ ಮಲಗುವ ಹಕ್ಕಿಗೆ ಇದಕ್ಕಿಂತ ಸಾರ್ಥಕವಾದ ಹೆಸರು ದೊರೆಯಲಾರದು.

ಯೂರೋಪಿಗೆ ಹೋದ ಮೇಲೆ ಮಾತ್ರ ಹೆಸರು ಕೆಟ್ಟಿತು. ಇಂಗ್ಲಿಷಿನವರು ಇದನ್ನು ‘ಬೆಂಗಾಲೀಸ್’ ಎಂದು ಕರೆದರು. ಬಂಗಾಳಕ್ಕೂ ಈ ಸಾಕುತಳಿಯ ಹುಟ್ಟಿಗೂ ಸಂಬಂಧವಿಲ್ಲ. ಇದರ ಕಾಡಿನ ಮೂಲವನ್ನು ೧೭೬೬ರಲ್ಲಿ ಹೆಸರಿಸಿದ ಲಿನ್ನೇಯಸನು ಅದರ ನೆಲೆ ಬೂರ್ಬನ್ ದ್ವೀಪವೆಂದು ನಂಬಿದ್ದನು. ಅದೂ ತಪ್ಪೇ, ನಿಜವಾದ ನೆಲೆ ಸಿಂಹಳವೆಂದು ಅನಂತರದವರು ತಿದ್ದಿದರು. ಕೆಂಪು ರಾಟವಾಳಕ್ಕೆ ಪೇಟೆಯ ಊರಿನ ಹೆಸರು ಅಂಟಿತು. ಕ್ಯಾನರಿಯ ಹೆಸರಂತೂ ಇನ್ನೂ ವಿನೋದಕರ: ಹಕ್ಕಿಗೆ ದ್ವೀಪದ ಹೆಸರು, ದ್ವೀಪಕ್ಕೆ ನಾಯಿಯನ್ನು ಹೇಳುವ ಲ್ಯಾಟಿನ್ ಪದದಿಂದ ಬಂದ ಹೆಸರು. ಪಂಜರದ ಹಕ್ಕಿಗಳ ನಾಮಗಳು ಅವುಗಳ ತವರನ್ನು ಹೇಳುವುದಕ್ಕಿಂತ ಮಾರಿದವನ ಅಂಗಡಿಯನ್ನು ಹೇಳುವುದೇ ಹೆಚ್ಚು. ನಿರುಕ್ತವನ್ನೇ ನಂಬಿ ಚರಿತ್ರೆಯನ್ನು ಬರೆಯಹೊರಟವರಿಗೆ ಇದು ಎಚ್ಚರಿಕೆಯ ಮಾತು.

೫

ಇನ್ನು ಹಿತ್ತಿಲ ಹಕ್ಕಿಮನೆಯಲ್ಲಿ ಈ ಪೋಷಣೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. ಏಕೆಂದರೆ ಚರಿತ್ರೆಯನ್ನು ಮಾಡಿದುದು ಸಾಮಂತನ ಆಜ್ಞೆಯಲ್ಲ, ಈ ದಿನದಿನದ ಕ್ರಮವೇ.

ಮೊದಲನೆಯ ತೊಡಕು ಗಂಡು ಹೆಣ್ಣುಗಳನ್ನು ಗುರುತಿಸುವುದು. ಬಣ್ಣದಲ್ಲಿ ಭೇದವಿಲ್ಲದುದರಿಂದ ಕಿವಿಯೇ ಪ್ರಮಾಣ. ಹಾಡುವುದು ಗಂಡು ಮಾತ್ರ. ಹಕ್ಕಿಯೊಂದನ್ನು ಕೆಲವು ಕಾಲ ಒಂಟಿಯಾಗಿರಿಸಿ ಮತ್ತೆ ಗುಂಪಿಗೆ ಬಿಟ್ಟರೆ, ಗಂಡಾದಲ್ಲಿ ಗರಿಯುಬ್ಬಿಸಿ ಮೈ ಕುಣಿಸುತ್ತ ಹಾಡತೊಡಗುವುದು. ಹೀಗೆ ಗುರುತಿಸಿದ ಜೋಡಿಗೆ ಗಾಳಿ ಬೆಳಕುಗಳಿದ್ದು ನೇರ ಬಿಸಿಲು ಮಳೆಗಳು ತಾಗದ ಸ್ಥಳದಲ್ಲಿ ಪಂಜರವಿರಬೇಕು. ಗೂಡಿಗಾಗಿ ಹುಲ್ಲಿನಿಂದ ಹೆಣೆದ ಕುಡಿಕೆಯನ್ನೋ ಮುಂಭಾಗ ಅರ್ಧ ತೆರೆದ ಮರದ ಪೆಟ್ಟಿಗೆಯನ್ನೋ ಎತ್ತರದಲ್ಲಿ ಕಟ್ಟುವರು. ಒಣಹುಲ್ಲನ್ನೂ ತೆಂಗಿನ ನಾರನ್ನೂ ಹಾಕಿದರೆ ಉಳಿದ ಕೆಲಸ ಹಕ್ಕಿಯದು. ನೂಲಿನ ಎಳೆಗಳನ್ನು ಹಾಕಬಾರದು. ಕಾಲಿಗೆ ಸುತ್ತಿಕೊಂಡು ಮರಿ ಕುಂಟಾಗುವುದುಂಟು.

ಆಹಾರದಲ್ಲಿ ನವಣೆ, ಸಾಮೆ, ಬರಗುಗಳೇ ಪ್ರಧಾನ. ಆದರೆ ಒಣಕಾಳೊಂದರಿಂದಲೇ ಮರಿ ಬೆಳೆಯಲಾರದು. ಮರಿಗಳಿರುವಾಗ ಮೊಳಕೆ ಕಟ್ಟಿದ ಕಾಳು, ಬೇಯಿಸಿದ ಮೊಟ್ಟೆಯ ಪುಡಿ, ಎಳೆಯ ಸೊಪ್ಪು, ಹಾಲು ತುಂಬಿದ ಹುಲ್ಲಿನ ತೆನೆಗಳನ್ನು ಕೊಡಬೇಕು. ಮೊಳಕೆ ಮೊಟ್ಟೆಗಳು ಬೇಗ ಹಳಸುವುದರಿಂದ ಅದೇ ದಿನ ತೆಗೆದುಬಿಡಬೇಕು. ವೈದ್ಯಗ್ರಂಥಗಳಲ್ಲಿ ಸಮುದ್ರಫೇನವೆಂದು ಹೇಳುವ ವಸ್ತು, ಎಂದರೆ ಒಂದು ಬಗೆಯ ಕಡಲಜೀವಿಯ ಬೆನ್ನಿನ ಹಗುರವಾದ ಬಿಳಿಯ ಎಲುಬು, ಪಂಜರದಲ್ಲಿ ಸದಾ ಇರತಕ್ಕದ್ದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಹೆಣ್ಣಿಗೆ ದೊರೆಯುವುದು ಇದರಿಂದ. ಸುಣ್ಣ ಸಾಲದೆ ಹೋದರೆ, ಚಳಿಯೂ ಸೇರಿದರೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುವುದುಂಟು. ಆದಕಾರಣ ತೀರ ಎಳೆಯ ಹೆಣ್ಣನ್ನು ಜೋಡಿ ಮಾಡಬಾರದೆಂದೂ, ವರ್ಷಕ್ಕೆ ಎರಡು ಮೂರು ಬಾರಿಗಿಂತ ಹೆಚ್ಚಾಗಿ ಮರಿಮಾಡಿಸಬಾರದೆಂದೂ ಬಲ್ಲವರ ನಿಯಮ.

ಹೆಣ್ಣು ದಿನಕ್ಕೊಂದರಂತೆ ನಾಲ್ಕರಿಂದ ಆರು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಗಂಡೂ ಹೆಣ್ಣೂ ಸರದಿಯಂತೆ ಕಾವು ಕೂರುತ್ತವೆ. ರಾತ್ರಿಯಲ್ಲಿ ಎರಡೂ ಗೂಡಿನೊಳಗೇ ಇರುತ್ತವೆ. ಸುಮಾರು ಹದಿನೈದು ಹದಿನಾರು ದಿನಗಳಿಗೆ ಮೊಟ್ಟೆಯೊಡೆಯುತ್ತದೆ. ಮರಿಗೆ ಗರಿಯಿಲ್ಲ, ಕಣ್ಣು ತೆರೆದಿಲ್ಲ. ಮೈ ಹುರುಳಿಕಾಳಿನ ಬಣ್ಣದ ತೆಳುಚರ್ಮ. ತಾಯಿತಂದೆಗಳು ಗಂಟಲ ಚೀಲದಲ್ಲಿ ನೆನೆಸಿದ ಕಾಳನ್ನು ಮರಿಯ ಬಾಯಿಗೆ ಕಕ್ಕುತ್ತವೆ. ಮರಿಯ ಕತ್ತಿನ ಚರ್ಮದೊಳಗಿಂದ ತುಂಬಿದ ಕಾಳು ಹೊರಗೇ ಕಾಣುತ್ತದೆ. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಅದೊಂದು ನೋಟವೇ ಸಾಕು. ಎಂಟು ಹತ್ತು ದಿನಗಳಿಗೆ ಕಣ್ಣು ಬಿಡುತ್ತದೆ. ಮೂರು ವಾರ ಕಳೆದ ಮೇಲೆ ಮರಿ ಗೂಡಿನಿಂದ ಹೊರಬೀಳುತ್ತದೆ. ಹೊರಬಿದ್ದ ಮೇಲೂ ಎರಡು ಮೂರು ವಾರಗಳ ಕಾಲ ತಂದೆತಾಯಿಗಳೇ ಉಣಿಸಬೇಕು. ಸಂಜೆಯಾದೊಡನೆ ಎಲ್ಲವೂ ಮತ್ತೆ ಅದೇ ಗೂಡನ್ನು ಸೇರುತ್ತವೆ. ಕಾಳಿನ ಸಿಪ್ಪೆ ತಾನಾಗಿ ಬಿಡಿಸಲು ಕಲಿಯುವುದಕ್ಕೆ ಮುಂಚೆ ಮರಿಯನ್ನು ಬೇರ್ಪಡಿಸಿದವನು ಅದನ್ನು ಉಪವಾಸ ಕೊಂದಂತೆಯೇ.

ಈ ವಿದ್ಯೆಯಲ್ಲಿ ಕೆಡುವುದೆಲ್ಲ ಕೆಡುವುದು ಆತುರದಿಂದ. ಕ್ಷಣಕ್ಷಣಕ್ಕೂ ಗೂಡಿನೊಳಗೆ ಇಣಿಕಿದರೆ ಹಕ್ಕಿ ಕಾವು ಬಿಡುತ್ತದೆ. ಒಂದೇ ಪಂಜರದಲ್ಲಿ ಹಲವು ಜೋಡಿಗಳನ್ನು ತುಂಬಿದರೆ ಅಕ್ಕತಂಗಿಯರೆಲ್ಲ ಒಂದೇ ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತುಳಿಯುತ್ತಾರೆ. ಜುಟ್ಟಿನ ಗಂಡಿಗೆ ಜುಟ್ಟಿನ ಹೆಣ್ಣನ್ನೇ ಜೋಡಿ ಮಾಡಿದರೆ ಎರಡು ಕಡೆಯಿಂದಲೂ ಆ ಗುಣ ಪಡೆದ ಮರಿಗಳು ಬದುಕುವುದಿಲ್ಲ. ಜುಟ್ಟುಳ್ಳದ್ದನ್ನು ಜುಟ್ಟಿಲ್ಲದುದರೊಡನೆಯೇ ಕೂಡಿಸತಕ್ಕದ್ದು. ಇಲಿ, ಇರುವೆ, ಹಾವುಗಳ ಭಯ ಹಿತ್ತಿಲಿಗೆ ಸಹಜವಾದುದೇ.

೬

ಸಂಸ್ಕೃತದಲ್ಲಿ ಕೋಗಿಲೆಗೆ ಪರಭೃತವೆಂದು ಹೆಸರು. ಅನ್ಯರಿಂದ ಪೋಷಿತವಾದುದೆಂದು ಅರ್ಥ. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಈ ಸಂಗತಿಯನ್ನೇ ಹೆಣ್ಣಿನ ಕಪಟಕ್ಕೆ ನಿದರ್ಶನವಾಗಿ ಎಸೆಯುತ್ತಾನೆ. ಆ ಮಾತಿನ ಕ್ರೌರ್ಯ ಸಹೃದಯರಿಗೆ ತಿಳಿದದ್ದೇ. ಏಕೆಂದರೆ ಎದುರಿಗೆ ನಿಂತ ಶಕುಂತಲೆಯೇ ಪರಪೋಷಿತೆ, ಭಾರತದ ಕಥೆಯಂತೆ ಶಕುಂತಗಳು ಕಾಪಾಡಿದುದರಿಂದಲೇ ಅವಳಿಗೆ ಆ ಹೆಸರು. ಜೂಷಿಮಾತ್ಸುವಿನ ಕೀರ್ತಿ ಲೋಕದಲ್ಲೆಲ್ಲ ಹರಡಿದುದು ಈ ಪರಪೋಷಣೆಯಿಂದ. ಇಲ್ಲಿ ಕಾಗೆಯಂತೆ ಮೋಸಹೋಗುವ ಮಾತಿಲ್ಲ. ತನ್ನ ಕುಲದ ಬೇರೆ ಹಕ್ಕಿಗಳ ಮೊಟ್ಟೆಯನ್ನಿಟ್ಟರೂ ಇದು ಕಾವು ಕೊಡುತ್ತದೆ. ಈ ಕುಲದ ಮರಿಗಳ ಬಾಯೊಳಗೆ ಆಯಾ ಪ್ರಭೇದಕ್ಕೆ ಬೇರೆಬೇರೆಯಾದ ಚುಕ್ಕೆಗಳ ವಿನ್ಯಾಸವಿರುತ್ತದೆ. ಇದಾದರೋ ಅನ್ಯರ ಗುರುತಿನ ಬಾಯಿಗೂ ಉಣಿಸುತ್ತದೆ. ಆಸ್ಟ್ರೇಲಿಯಾ ದೇಶವು ೧೯೬೦ರಲ್ಲಿ ತನ್ನ ಹಕ್ಕಿಗಳ ರಫ್ತನ್ನು ನಿಷೇಧಿಸಿದ ಬಳಿಕ, ಬಹುವರ್ಣದ ಗೋಲ್ಡಿಯನ್ ಫಿಂಚು ಹೊರದೇಶಗಳ ಪಂಜರಗಳಲ್ಲಿ ಉಳಿದು ಬೆಳೆದುದರಲ್ಲಿ ಈ ಸಾಕುತಾಯಿಯ ಪಾಲು ದೊಡ್ಡದು.

ಆದರೆ ಪೋಷಣೆಯೆಂಬುದು ಉಣಿಸುವುದರಲ್ಲಿ ಮುಗಿಯುವುದಿಲ್ಲ. ಜರ್ಮನಿಯ ಕ್ಲಾಸ್ ಇಮ್ಮೆಲ್ಮನ್ ಎಂಬ ವಿದ್ವಾಂಸನು ೧೯೬೦ರ ದಶಕದಲ್ಲಿ, ಆಸ್ಟ್ರೇಲಿಯದ ಜೀಬ್ರಾ ಫಿಂಚಿನ ಗಂಡುಮರಿಗಳನ್ನು ಈ ಸಾಕುರಾಟವಾಳಗಳ ಗೂಡಿನಲ್ಲಿ ಬೆಳೆಯಿಸಿ ಪರೀಕ್ಷಿಸಿದನು. ದೊಡ್ಡವಾದ ಮೇಲೆ ಅವು ತಮ್ಮ ಜಾತಿಯ ಹೆಣ್ಣನ್ನು ಬಿಟ್ಟು ಸಾಕಿದವಳ ಜಾತಿಯ ಹೆಣ್ಣನ್ನೇ ಓಲೈಸಿದುವು. ಹಾಡನ್ನೂ ಮರಿ ಕಲಿಯುವುದು ಸಾಕಿದ ತಂದೆಯಿಂದಲೇ. ಹಕ್ಕಿ ತಾನು ಯಾರೆಂಬುದನ್ನು ರಕ್ತದಿಂದ ಎಷ್ಟು ತಿಳಿಯುತ್ತದೆಯೋ ಗೂಡಿನಿಂದಲೂ ಅಷ್ಟೇ ತಿಳಿಯುತ್ತದೆ. ಸಾಕುವವನು ಪ್ರಾಣವನ್ನು ಉಳಿಸುವುದರ ಜೊತೆಗೆ ಸ್ವಭಾವವನ್ನೂ ತಿದ್ದುತ್ತಾನೆ. ಇದು ಅವನ ಪುಣ್ಯವೂ ಹೌದು, ಹೊಣೆಯೂ ಹೌದು.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿಯನ್ನು ಜಪಾನಿನ ಕಜುವೊ ಓಕನೋಯ ಮತ್ತು ಅವನ ಸಹೋದ್ಯೋಗಿಗಳು ಹೊರಗೆಡಹಿದ್ದಾರೆ. ಕಾಡಿನ ರಾಟವಾಳದ ಹಾಡು ಸರಳ. ಸ್ವರಗಳು ಹೆಚ್ಚುಕಡಮೆ ಒಂದೇ ಅನುಕ್ರಮದಲ್ಲಿ ಬರುತ್ತವೆ. ಎರಡೂವರೆ ಶತಮಾನಗಳ ಕಾಲ ಪಂಜರದಲ್ಲಿ ಬೆಳೆದ ಹಕ್ಕಿಯ ಹಾಡು ಸಂಕೀರ್ಣ. ಒಂದು ಸ್ವರಗುಚ್ಛವಾದ ಮೇಲೆ ಇದೂ ಬರಬಹುದು, ಅದೂ ಬರಬಹುದು, ಹಿಂದಿನದೇ ಮರಳಬಹುದು. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ವಿಕಲ್ಪವುಳ್ಳ ವಾಕ್ಯರಚನೆ. ವಿಶೇಷವೆಂದರೆ ಸಾಕುವವರು ಹಾಡಿಗಾಗಿ ಈ ಹಕ್ಕಿಯನ್ನು ಆರಿಸಲೇ ಇಲ್ಲ. ಆರಿಸಿದುದು ಗರಿಗಾಗಿ, ಪೋಷಣೆಗಾಗಿ. ಹಾಡು ತಾನಾಗಿ ಬೆಳೆಯಿತು.

ಇದಕ್ಕೆ ಎರಡು ಕಾರಣಗಳನ್ನು ಊಹಿಸಿದ್ದಾರೆ. ಹೆಣ್ಣುಗಳಿಗೆ ಸಂಕೀರ್ಣವಾದ ಹಾಡು ರುಚಿಸುತ್ತದೆ. ಅಂಥ ಹಾಡನ್ನು ಕೇಳಿದ ಹೆಣ್ಣುಗಳು ಗೂಡಿಗೆ ಹೆಚ್ಚು ಹುಲ್ಲನ್ನು ಸಾಗಿಸಿದುವೆಂದು ಪ್ರಯೋಗದಲ್ಲಿ ಕಂಡಿತು. ಎರಡನೆಯದಾಗಿ, ಕಾಡಿನಲ್ಲಿ ಹಾಡನ್ನು ಸರಳವಾಗಿ ಹಿಡಿದಿಟ್ಟ ಕಟ್ಟುಗಳು ಪಂಜರದಲ್ಲಿ ಸಡಿಲವಾದುವು. ಅಲ್ಲಿ ಗಿಡು​ಗದ ಭಯ, ಹಸಿವಿನ ಭಯ. ಅನ್ಯ ರಾಟವಾಳಗಳ ನಡುವೆ ತನ್ನವರನ್ನು ತಪ್ಪದೆ ಗುರುತಿಸಬೇಕಾದ ನಿರ್ಬಂಧ. ಇಲ್ಲಿ ಅವಾವುವೂ ಇಲ್ಲ. ಕಳವಳದ ಕಾಲದಲ್ಲಿ ದೇಹದಲ್ಲಿ ಹೆಚ್ಚುವ ರಸವು ಸಾಕುಹಕ್ಕಿಯಲ್ಲಿ ಕಾಡಿನ ಹಕ್ಕಿಗಿಂತ ಕಡಿಮೆಯಿರುವುದನ್ನೂ ಅಳೆದು ನೋಡಿದ್ದಾರೆ. ನಿರ್ಭೀತಿಯಲ್ಲಿ ವಾಣಿ ಅರಳಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದರೆ ಅದರ ಮತ್ತೊಂದು ಮುಖವನ್ನೂ ಹೇಳಬೇಕು. ಅದೇ ನಿರ್ಭೀತಿಯಿಂದ ಅದು ಕಾಡಿಗೆ ಮರಳುವ ಯೋಗ್ಯತೆಯನ್ನು ಕಳೆದುಕೊಂಡಿತು. ಬಿಳಿಯ ಗರಿಯ ಹಕ್ಕಿಯನ್ನು ಬಾಗಿಲು ತೆರೆದು ಬಿಟ್ಟರೆ ಅದಕ್ಕೆ ದೊರೆಯುವುದು ಸ್ವಾತಂತ್ರ್ಯವಲ್ಲ, ಗಿಡುಗದ ಉಗುರು.

೭

ಭಾರತದಲ್ಲಿ ರಾಟವಾಳವನ್ನು ಹಿಡಿಯುವ ವ್ಯಾಪಾರ ೨೦ನೆಯ ಶತಮಾನದಲ್ಲಿಯೂ ನಡೆಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವೂ ೧೯೯೧ರಲ್ಲಿ ಅದಕ್ಕೆ ಬಂದ ತಿದ್ದುಪಡಿಯೂ ಈ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ ತೆರೆ ಎಳೆದುವು. ಹಾಗಿದ್ದರೂ ಕದ್ದು ಮಾರುವುದು ಪೂರ್ತಿ ನಿಂತಿಲ್ಲ. ಮಧ್ಯಭಾರತದ ಹಸುರು ರಾಟವಾಳವು ಬಲೆಗಾರರ ದೆಸೆಯಿಂದ ವಿರಳವಾಗಿ, ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಗೆ ಸೇರಿದೆ. ಇತ್ತ ಕರ್ಣಾಟಕದಲ್ಲಿ ಹಕ್ಕಿ ಹಿಡಿಯುವುದರಿಂದಲೇ ಹೆಸರಾದ ಹಕ್ಕಿಪಿಕ್ಕಿ ಜನರು ಕುಲವೃತ್ತಿಯನ್ನು ತೊರೆದು ಬೇರೆ ಜೀವನೋಪಾಯಗಳನ್ನು ಹುಡುಕಬೇಕಾಯಿತು. ಅಮರಸಿಂಹನು ಹೆಸರಿಸಿದ ಶಾಕುನಿಕವೃತ್ತಿ ಶಾಸನದ ದೃಷ್ಟಿಯಲ್ಲಿ ಹೀಗೆ ಕೊನೆಗೊಂಡಿತು.

ಇಂದು ಬೆಂಗಳೂರು ಮೈಸೂರುಗಳಂಥ ಊರುಗಳ ಹಿತ್ತಿಲಲ್ಲಿ ಯಾರಾದರೂ ಬಿಳಿ ಕಂದು ಬಣ್ಣದ ‘ಬೆಂಗಾಲೀಸ್’ ಜೋಡಿಯನ್ನು ಸಾಕಿದ್ದರೆ, ಅದು ಚೀನದಿಂದ ನಾಗಸಾಕಿಯ ಕಡೆಗೆ ಹೋಗಿ, ಜಪಾನೀಯರ ಮನೆಗಳಲ್ಲಿ ವಂಶ ಬೆಳೆಯಿಸಿ, ಯೂರೋಪನ್ನು ಸುತ್ತಿ ಬಂದ ಕುಲದ್ದು. ಅದೇ ಹೊತ್ತಿನಲ್ಲಿ ಅದರ ದಾಯಾದಿಯಾದ ಬಿಳಿಯ ಬೆನ್ನಿನ ರಾಟವಾಳವು ಮಲೆನಾಡಿನ ತೋಟದ ಬೇಲಿಯಲ್ಲಿ ಹುಲ್ಲಿನ ಉಂಡೆಯಂಥ ಗೂಡನ್ನು ಕಟ್ಟುತ್ತಿರುತ್ತದೆ. ಒಂದಕ್ಕೆ ಬೇಕಾದುದು ನವಣೆ, ಸಮುದ್ರಫೇನ, ತಪ್ಪದ ಆರೈಕೆ. ಇನ್ನೊಂದಕ್ಕೆ ಬೇಕಾದುದು ಬೇಲಿ, ಹುಲ್ಲು, ಮನುಷ್ಯನ ಕೈ ತನ್ನ ಗೂಡಿಗೆ ಬಾರದಿರುವುದು.

ಈ ಎರಡು ಕರ್ತವ್ಯಗಳನ್ನು ಒಂದಕ್ಕೊಂದು ಬೆರಸುವುದರಿಂದಲೇ ಪ್ರಮಾದಗಳು ಹುಟ್ಟುತ್ತವೆ. ಕಾಡಿನ ಹಕ್ಕಿಯನ್ನು ತಂದು ಸಾಕಿ ಉಪಕಾರ ಮಾಡಿದೆನೆನ್ನುವವನೂ, ಮನೆಯ ಹಕ್ಕಿಯನ್ನು ಬಿಟ್ಟು ಪುಣ್ಯ ಗಳಿಸಿದೆನೆನ್ನುವವನೂ ಸಮಾನವಾಗಿ ತಪ್ಪುತ್ತಾರೆ. ಶೂದ್ರಕರಾಜನು ಪಂಜರದ ಗಿಳಿಯ ಪಾಂಡಿತ್ಯವನ್ನು ಮೆಚ್ಚಿದ ಮೇಲೆ ಅದರ ಹುಟ್ಟನ್ನು ಕೇಳಿದನು. ಆ ಪ್ರಶ್ನೆಯಿಂದಲೇ ಕಾದಂಬರಿಯ ಕಥೆ ತೆರೆದುಕೊಂಡಿತು. ಹಕ್ಕಿಯ ದನಿಗೆ ಕಿವಿಗೊಡುವವರು ಅದು ಯಾವ ಗೂಡಿನಿಂದ ಬಂದುದೆಂಬುದನ್ನು ಮೊದಲು ವಿಚಾರಿಸುವುದು ಇಂದಿಗೂ ಯುಕ್ತವಾಗಿದೆ.